ಎಡಗಾಲಿಗೆ ದೊಡ್ಡ ಡ್ರಮ್ಮು: ಶಾಲಾ ಬ್ಯಾಂಡ್ ಕುರಿತು ಓದುಗರ ಪ್ರಶ್ನೋತ್ತರ

ಜೂನ್‌ನಲ್ಲಿ ಶಾಲೆ ಶುರುವಾದರೆ ಆಗಸ್ಟ್ 15ಕ್ಕೆ ಉಳಿಯುವುದು ಹತ್ತೇ ವಾರ. ಅದರಲ್ಲೂ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಳೆಯಲ್ಲಿ ಮೈದಾನ ಕಾಲಿಡುವಂತಿರುವ ದಿನಗಳು ಬೆರಳೆಣಿಕೆಯಷ್ಟು. ಪ್ರೌಢಶಾಲೆಯ ಬ್ಯಾಂಡ್ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ, ಒಂದೇ ಬಗೆಯವನ್ನು ಕೂಡಿಸಿ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ಮಗಳು ಈ ವರ್ಷ ಎಂಟನೇ ಇಯತ್ತೆ. ಬ್ಯಾಂಡಿಗೆ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ಸಂಗೀತದ ಗಂಧಗಾಳಿ ಇಲ್ಲ. ತೆಗೆದುಕೊಳ್ಳುತ್ತಾರೆಯೇ? ಯಾವ ವಾದ್ಯ ಕೇಳಬೇಕು? (ಒಬ್ಬ ತಾಯಿ, ಶಿರಸಿ)

ಸಂಗೀತ ಬರದಿದ್ದರೂ ನಡೆಯುತ್ತದೆ, ನಡೆಯಲು ಬರದಿದ್ದರೆ ನಡೆಯುವುದಿಲ್ಲ. ಆಯ್ಕೆಯ ದಿನ ಮಾಸ್ತರು ನೋಡುವುದು ಬಹುತೇಕ ಕಾಲನ್ನು. ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಮೊಬೈಲಿನಲ್ಲಿ, ಒಂದೇ ಲಯದಲ್ಲಿ ಟಕ್-ಟಕ್ ಎನ್ನುವ ಉಚಿತ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು ನಿಮಿಷಕ್ಕೆ 120ಕ್ಕೆ ಇಡಿ. ನಿಂತಲ್ಲೇ ಹೆಜ್ಜೆ ಹಾಕಲು ಹೇಳಿ. ಮೊದಲ ಹೆಜ್ಜೆ ಎಡಗಾಲಿನದು. ಒಂದು ನಿಮಿಷ ಬರೀ ಹೆಜ್ಜೆ. ಎರಡನೇ ನಿಮಿಷ ಎಡಗಾಲು ನೆಲ ಮುಟ್ಟಿದಾಗಲೆಲ್ಲ ಚಪ್ಪಾಳೆ. ಮೂರನೇ ನಿಮಿಷ ಚಪ್ಪಾಳೆಯ ಜೊತೆಗೆ ಗಟ್ಟಿಯಾಗಿ ಒಂದರಿಂದ ಎಂಟರವರೆಗೆ ಎಣಿಕೆ. ಹೆಚ್ಚಿನ ಮಕ್ಕಳ ಕಾಲು ತಪ್ಪುವುದು ಈ ಮೂರನೇ ನಿಮಿಷದಲ್ಲಿ, ಬಾಯಿ ತೆರೆದ ಕೂಡಲೇ. ಅದು ದೋಷವಲ್ಲ, ಅಭ್ಯಾಸವಿಲ್ಲ ಅಷ್ಟೇ. ದಿನಕ್ಕೆ ಹತ್ತು ನಿಮಿಷ ಮಾಡಿದರೆ ಎರಡು ವಾರದಲ್ಲಿ ಸರಿಹೋಗುತ್ತದೆ.

ಮಾರ್ಚಿಂಗ್ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮಿನ ಗಟ್ಟಿ ಪೆಟ್ಟು ಬೀಳುವುದು ಎಡಗಾಲಿಗೆ. ಉಳಿದ ವಾದ್ಯಗಳೆಲ್ಲ ಅದಕ್ಕೇ ಜೋತುಬಿದ್ದಿರುತ್ತವೆ. ಹಾಗಾಗಿ ಯಾವ ವಾದ್ಯ ಸಿಕ್ಕರೂ ಮೊದಲ ಪಾಠ ಒಂದೇ.

ವಾದ್ಯದ ಆಯ್ಕೆಗೆ ಮೈಕಟ್ಟು ನೋಡಿ. ಎರಡು ಕೋಲಿನಿಂದ ಬಾರಿಸುವ ಚಿಕ್ಕ ಸೈಡ್ ಡ್ರಮ್ಮಿನ ಭಾರ ಸಾಮಾನ್ಯವಾಗಿ 3ರಿಂದ 5 ಕಿಲೊ, ದೊಡ್ಡ ಡ್ರಮ್ಮಿನದು ಅದಕ್ಕಿಂತ ಹೆಚ್ಚು. ದೊಡ್ಡ ಡ್ರಮ್ ಹೊತ್ತಾಗ ಅದರ ಮೇಲಂಚು ಗಲ್ಲಕ್ಕಿಂತ ಕೆಳಗಿರಬೇಕು, ಮುಂದಿನ ನೆಲ ಕಣ್ಣಿಗೆ ಕಾಣಬೇಕು. ಇಲ್ಲದಿದ್ದರೆ ಆ ಮಗುವಿಗೆ ಅದು ಬೇಡ. ಟ್ರಯಾಂಗಲ್ ಹಗುರವೆಂದು ತಾತ್ಸಾರ ಮಾಡಬೇಡಿ. ಲಯ ತಪ್ಪಿದರೆ ಇಡೀ ಮೈದಾನಕ್ಕೆ ಕೇಳಿಸುವುದು ಅದೇ.

ಇನ್ನೊಂದು ಮಾತು. ಚಂಡೆ, ಮದ್ದಲೆ ಕಲಿತ ಮಕ್ಕಳು ನಮ್ಮ ಕಡೆ ಬಹಳ. ಅವರ ಕೈ ತಯಾರಿರುತ್ತದೆ, ಆದರೆ ಹುರುಪು ಬಂದಂತೆ ಲಯ ಏರಿಸುವ ರೂಢಿಯೂ ಜೊತೆಗೆ ಬಂದಿರುತ್ತದೆ. ಯಕ್ಷಗಾನದ ಆಟದಲ್ಲಿ ಅದೇ ಸೊಗಸು. ಕವಾಯತಿನಲ್ಲಿ 120 ಎಂದರೆ ಕೊನೆಯವರೆಗೂ 120. ಅಂಥ ಮಕ್ಕಳಿಗೆ ಹೊಸದಾಗಿ ಕಲಿಸಬೇಕಾದದ್ದು ಕೈಯನ್ನಲ್ಲ, ಸಂಯಮವನ್ನು.

ಪ್ರಶ್ನೆ: ಎಸ್ಸೆಸ್ಸೆಲ್ಸಿ ವರ್ಷ ಬ್ಯಾಂಡ್ ಬೇಕೇ? (ಪಾಲಕರು, ಯಲ್ಲಾಪುರ)

ಲೆಕ್ಕ ಹಾಕಿ ನೋಡಿ. ಶಾಲೆಯಲ್ಲಿ ವಾರಕ್ಕೆ ಮೂರು ದಿನ 45 ನಿಮಿಷ, ಮನೆಯಲ್ಲಿ ದಿನಕ್ಕೆ 15 ನಿಮಿಷ. ವಾರಕ್ಕೆ ಒಟ್ಟು ನಾಲ್ಕು ತಾಸು. ಹೊರೆಯಾಗುವುದು ಆಗಸ್ಟ್ 15 ಮತ್ತು ಜನವರಿ 26ರ ಹಿಂದಿನ ಹತ್ತು ದಿನ ಮಾತ್ರ. ಹತ್ತನೆಯವರು ಜನವರಿ ಆದಮೇಲೆ ವಾದ್ಯವನ್ನು ಒಂಬತ್ತನೆಯವರಿಗೆ ಒಪ್ಪಿಸುವುದು ಒಳ್ಳೆಯ ಪದ್ಧತಿ. ಹೊಸಬರಿಗೂ ಜೂನ್‌ವರೆಗೆ ಕೈ ಪಳಗುತ್ತದೆ.

ಪ್ರಶ್ನೆ: ನಾನು ಸೈಡ್ ಡ್ರಮ್ ಬಾರಿಸುತ್ತೇನೆ. ಬಲಗೈ ಸರಿ, ಎಡಗೈ ಪೆಟ್ಟು ಮೆತ್ತಗೆ ಬೀಳುತ್ತದೆ. ರೋಲ್ (ಬಿಡುವಿಲ್ಲದ ವೇಗದ ಪೆಟ್ಟುಗಳು) ಬಾರಿಸಿದರೆ ಕುಂಟಿದಂತೆ ಕೇಳುತ್ತದೆ. ಮನೆಯಲ್ಲಿ ಡ್ರಮ್ ಇಲ್ಲ. (9ನೇ ತರಗತಿ ವಿದ್ಯಾರ್ಥಿ, ಕುಮಟಾ)

ತಮಾ, ಮೊದಲು ನಿನ್ನ ಡ್ರಮ್ ಹೇಗೆ ತೂಗುತ್ತದೆ ನೋಡು. ಬಲ ಹೆಗಲಿನಿಂದ ಇಳಿದ ಪಟ್ಟಿಯಲ್ಲಿ ಎಡ ತೊಡೆಯ ಬಳಿ ಓರೆಯಾಗಿ ತೂಗುತ್ತಿದ್ದರೆ ಎರಡೂ ಕೈಯ ಹಿಡಿತ ಬೇರೆ ಬೇರೆ ಇರಬೇಕು. ಬಲಗೈ ಸುತ್ತಿಗೆ ಹಿಡಿದ ಹಾಗೆ, ಆದರೆ ಸಡಿಲವಾಗಿ. ಎಡಗೈ ಅಂಗೈ ಮೇಲ್ಮುಖ. ಕೋಲು ಹೆಬ್ಬೆರಳು-ತೋರುಬೆರಳಿನ ಸಂದಿಯಲ್ಲಿ ಕೂತು, ಉಂಗುರ ಬೆರಳಿನ ಮೇಲೆ ಒರಗಬೇಕು. ತೋರುಬೆರಳು, ನಡುಬೆರಳು ಅದರ ಮೇಲೆ ಹಗುರವಾಗಿ ಬಾಗಿರಬೇಕು. ಪೆಟ್ಟು ಹುಟ್ಟುವುದು ನಲ್ಲಿ ತಿರುಗಿಸಿದ ಹಾಗೆ ಮುಂಗೈ ತಿರುಗಿಸುವುದರಿಂದ. ಎಡಗೈ ಮೆತ್ತಗಾಗಲು ನೂರಕ್ಕೆ ತೊಂಬತ್ತು ಸಲ ಕಾರಣ ಶಕ್ತಿ ಕಡಿಮೆ ಇರುವುದಲ್ಲ, ಹೆಬ್ಬೆರಳು ಕೋಲನ್ನು ಅಮುಕಿ ಹಿಡಿದಿರುವುದು. ಅಮುಕಿದ ಕೋಲು ಪುಟಿಯುವುದಿಲ್ಲ. ಡ್ರಮ್ ಹೊಟ್ಟೆಯ ಮುಂದೆ ಸಮತಲವಾಗಿ ನಿಲ್ಲುವ ಹೊಸ ಬಗೆಯ ಪಟ್ಟಿ ನಿಮ್ಮಲ್ಲಿದ್ದರೆ ಎರಡೂ ಕೈ ಒಂದೇ ಥರ ಹಿಡಿದರಾಯಿತು.

ಡ್ರಮ್ ಇಲ್ಲದಿದ್ದರೆ ಹಳೆಯ ಹವಾಯಿ ಚಪ್ಪಲಿ ಸಾಕು. ಅಟ್ಟೆಯನ್ನು ಮರದ ಮಣೆಯ ಮೇಲೆ ಇಟ್ಟುಕೋ. ಮೆಟ್ರೊನೋಮ್ 60ಕ್ಕೆ ಇಡು. ಪ್ರತಿ ಟಕ್‌ಗೆ ತ-ಕ-ಧಿ-ಮಿ ಎಂದು ನಾಲ್ಕು ಪೆಟ್ಟು. ಹೀಗೆ ಮಾಡು:

1. ಬಲ-ಎಡ-ಬಲ-ಎಡ, ಎರಡು ನಿಮಿಷ. ನಂತರ ಎಡದಿಂದ ಶುರು ಮಾಡಿ ಎರಡು ನಿಮಿಷ. ಎರಡೂ ಕೋಲಿನ ತುದಿ ಒಂದೇ ಎತ್ತರಕ್ಕೆ, ಸುಮಾರು ಆರು ಇಂಚು, ಏಳಬೇಕು.
2. ಬಲ-ಬಲ-ಎಡ-ಎಡ, ಮೂರು ನಿಮಿಷ. ಲಾಂಗ್ ರೋಲ್ ಅಂದರೆ ಇದೇ, ವೇಗವಾಗಿ ಬಾರಿಸಿದ್ದು.
3. ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ, ಮೂರು ನಿಮಿಷ. ಪ್ಯಾರಾಡಿಡಲ್ ಎನ್ನುತ್ತಾರೆ.
4. ಬರೀ ಎಡಗೈ, ಒಂದು ನಿಮಿಷ. ನೋವು ಬಂದರೆ ನಿಲ್ಲಿಸು.

ನಾಲ್ಕು ದಿನಕ್ಕೊಮ್ಮೆ ಮೆಟ್ರೊನೋಮನ್ನು ಐದು ಏರಿಸು. 60ರಿಂದ 120 ಮುಟ್ಟಲು ಹನ್ನೆರಡು ಮೆಟ್ಟಿಲು, ಸುಮಾರು ಏಳು ವಾರ. ಎರಡು ದಿನಕ್ಕೆ ಹತ್ತು ಏರಿಸುವವರು ಜುಲೈನಲ್ಲಿ ಮತ್ತೆ 80ಕ್ಕೆ ಇಳಿದು ಬರುತ್ತಾರೆ. ಕುಂಟು ಹೋಯಿತೋ ಇಲ್ಲವೋ ತಿಳಿಯಲು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಣ್ಣುಮುಚ್ಚಿ ಕೇಳು. ಯಾವ ಪೆಟ್ಟು ಎಡಗೈಯದು ಎಂದು ಗುರುತಿಸಲು ಆಗದಿದ್ದರೆ ಗೆದ್ದೆ.

ಕೋಲು ಕೊಳ್ಳುವಾಗ ಅಂಗಡಿಯ ಮೇಜಿನ ಮೇಲೆ ಉರುಳಿಸಿ ನೋಡು. ಸೊಟ್ಟಗಿದ್ದರೆ ಕುಣಿಯುತ್ತದೆ. ಎರಡನ್ನೂ ನೆಲಕ್ಕೆ ತಟ್ಟಿದರೆ ಒಂದೇ ಸ್ವರ ಬರಬೇಕು. ಬೇರೆ ಬಂದರೆ ಮರದ ಸಾಂದ್ರತೆ ಬೇರೆ ಎಂದರ್ಥ, ಪೆಟ್ಟೂ ಬೇರೆಯಾಗುತ್ತದೆ.

ಪ್ರಶ್ನೆ: ಬ್ಯೂಗಲ್‌ನಲ್ಲಿ ರಾಷ್ಟ್ರಗೀತೆ ನುಡಿಸಲು ಒಂದು ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ, ಬರುತ್ತಿಲ್ಲ. ಎಲ್ಲಿ ತಪ್ಪುತ್ತಿದೆ? (ವಿದ್ಯಾರ್ಥಿನಿ, ಅಂಕೋಲಾ)

ತಂಗೀ, ತಪ್ಪು ನಿನ್ನದಲ್ಲ. ಬ್ಯೂಗಲ್‌ಗೆ ಒತ್ತುವ ಗುಂಡಿಗಳಿಲ್ಲ. ಕೊಳವೆಯ ಉದ್ದ ಬದಲಾಗುವುದಿಲ್ಲ, ತುಟಿಯ ಬಿಗಿ ಬದಲಿಸಿ ಹೊರಡಿಸಬಹುದಾದ ಸ್ವರಗಳು ಮಾತ್ರ ಅದರಲ್ಲಿವೆ. ರೂಢಿಯಲ್ಲಿ ಐದು: ಕೆಳಗಿನ ಸ, ಪ, ಮಧ್ಯದ ಸ, ಗ, ಮೇಲಿನ ಪ. ರಿ ಇಲ್ಲ, ಮ ಇಲ್ಲ, ಧ ಇಲ್ಲ. ರಾಷ್ಟ್ರಗೀತೆ ಶುರುವಾಗುವುದೇ ಸ-ರಿ-ಗ-ಗ ಎಂದು. ‘ಜನ’ ಎಂಬಲ್ಲಿ ‘ಜ’ ಸಿಗುತ್ತದೆ, ‘ನ’ಕ್ಕೆ ಬ್ಯೂಗಲ್ ಕೈಕೊಡುತ್ತದೆ. ಎರಡನೇ ಅಕ್ಷರದಲ್ಲೇ ದಾರಿ ಮುಗಿಯಿತು.

ಬ್ಯೂಗಲ್ ಇರುವುದು ಕರೆಗಳಿಗೆ. ಸೇರಿಸುವ ಕರೆ, ಧ್ವಜಾರೋಹಣಕ್ಕೆ ಮುನ್ನಿನ ಕರೆ, ನಡಿಗೆಯ ಸಣ್ಣ ಧಾಟಿಗಳು, ಎಲ್ಲ ಈ ಐದು ಸ್ವರಗಳಲ್ಲೇ ಕಟ್ಟಿದವು. ರಾಷ್ಟ್ರಗೀತೆಗೆ ಟ್ರಂಪೆಟ್, ಕೊಳಲು ಅಥವಾ ಮೆಲೋಡಿಕಾ (ಬಾಯಲ್ಲಿ ಊದುತ್ತ ಹಾರ್ಮೋನಿಯಂನಂಥ ಪಟ್ಟಿ ಒತ್ತಿ ನುಡಿಸುವ ವಾದ್ಯ) ಬೇಕು. ಟ್ರಂಪೆಟ್‌ನ ಮೂರು ಗುಂಡಿಗಳು ಕೊಳವೆಯನ್ನು ಉದ್ದಮಾಡಿ ಸ್ವರ ಇಳಿಸುತ್ತವೆ. ಎರಡನೆಯದು ಅರ್ಧ ಸ್ವರ, ಮೊದಲನೆಯದು ಒಂದು, ಮೂರನೆಯದು ಒಂದೂವರೆ. ಹೀಗೆ ಬ್ಯೂಗಲ್ ಬಿಟ್ಟ ಸಂದಿಗಳೆಲ್ಲ ತುಂಬುತ್ತವೆ. ನಿನ್ನ ಒಂದು ತಿಂಗಳು ಹಾಳಾಗಿಲ್ಲ. ತುಟಿ ತಯಾರಾಗಿದ್ದರೆ ಟ್ರಂಪೆಟ್‌ಗೆ ಅದೇ ತುಟಿ. ಕೆನ್ನೆ ಉಬ್ಬಿಸಬೇಡ, ತುಟಿಯ ಮೂಲೆ ಗಟ್ಟಿ ಇರಲಿ, ಹತ್ತು ನಿಮಿಷ ಊದಿದರೆ ಐದು ನಿಮಿಷ ಬಿಡು. ಮೇಲಿನ ಸ್ವರ ಬರಲಿಲ್ಲವೆಂದು ವಾದ್ಯವನ್ನು ಬಾಯಿಗೆ ಒತ್ತಿದರೆ ತುಟಿ ಮರಗಟ್ಟುತ್ತದೆ, ಇದ್ದ ಸ್ವರವೂ ಹೋಗುತ್ತದೆ.

ಪ್ರಶ್ನೆ: ನಮ್ಮಲ್ಲಿ ನಾಲ್ಕು ಮೆಲೋಡಿಕಾ, ಎರಡು ಟ್ರಂಪೆಟ್ ಇವೆ. ಬೇರೆ ಬೇರೆ ನುಡಿಸಿದರೆ ಚೆನ್ನ, ಕೂಡಿದರೆ ಕಿವಿ ಮುಚ್ಚಿಕೊಳ್ಳಬೇಕು. ವಾದ್ಯ ಕೆಟ್ಟಿದೆಯೇ? (ಸಂಗೀತ ಶಿಕ್ಷಕಿ, ಕಾರವಾರ)

ಕೆಟ್ಟಿಲ್ಲ ಅಕ್ಕೋರೇ. ಶಾಲೆಗಳಲ್ಲಿರುವ ಟ್ರಂಪೆಟ್ ಸಾಮಾನ್ಯವಾಗಿ ಬಿ ಫ್ಲ್ಯಾಟ್ ಶ್ರುತಿಯದು. ಗುಂಡಿ ಒತ್ತದೆ ಊದಿದ ಅದರ ‘ಸಿ’ ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಐದು. ಮೆಲೋಡಿಕಾದ ‘ಸಿ’ ಬಿಳಿ ಒಂದು. ನಡುವೆ ಪೂರ್ತಿ ಒಂದು ಸ್ವರದ ಅಂತರ. ಇಬ್ಬರೂ ಒಂದೇ ಹಾಳೆ ನೋಡಿ ‘ಸಿ’ಯಿಂದ ಹೊರಟರೆ ಕಪ್ಪು ಐದರ ಭಾಗವತರ ಎದುರು ಬಿಳಿ ಒಂದರ ಹಾರ್ಮೋನಿಯಂ ಇಟ್ಟ ಹಾಗೆ.

ಪರಿಹಾರ ಎರಡು. ಟ್ರಂಪೆಟ್‌ನವರು ಒಂದು ಸ್ವರ ಮೇಲಿನಿಂದ, ಅಂದರೆ ತಮ್ಮ ‘ಡಿ’ಯಿಂದ ಹೊರಡಬೇಕು. ಇಲ್ಲವೇ ಮೆಲೋಡಿಕಾದವರು ಬಿ ಫ್ಲ್ಯಾಟ್‌ನಿಂದ ನುಡಿಸಬೇಕು. ಎರಡನೆಯದೇ ಒಳ್ಳೆಯದು. ಮೆಲೋಡಿಕಾದವರಿಗೆ ಹೊಸದಾಗಿ ಬರುವುದು ಎರಡೇ ಕಪ್ಪು ಪಟ್ಟಿ: ಬಿ ಫ್ಲ್ಯಾಟ್ ಮತ್ತು ಇ ಫ್ಲ್ಯಾಟ್. ಟ್ರಂಪೆಟ್ ಮಕ್ಕಳಿಗೆ ಸ-ರಿ-ಗ-ಮ-ಪ ಹೀಗೆ ಸುಲಭವಾಗಿ ಬೀಳುತ್ತದೆ: ಗುಂಡಿ ಇಲ್ಲ, 1-3, 1-2, 1, ಗುಂಡಿ ಇಲ್ಲ. ‘ಡಿ’ಯಿಂದ ಹೊರಟರೆ ಗುಂಡಿಗಳ ಲೆಕ್ಕ ಜಟಿಲವಾಗುತ್ತದೆ, ಜೊತೆಗೆ 1-3ರ ಆ ಕೆಳಗಿನ ‘ಡಿ’ ತುಸು ಏರಿಯೇ ಕೇಳಿಸುತ್ತದೆ, ಆಧಾರ ಸ್ವರವೇ ಏರಿದರೆ ಕಷ್ಟ. ಆದಮೇಲೂ ಕೂದಲೆಳೆಯ ವ್ಯತ್ಯಾಸ ಉಳಿದರೆ ಟ್ರಂಪೆಟ್‌ನ ದೊಡ್ಡ ಟ್ಯೂನಿಂಗ್ ಸ್ಲೈಡನ್ನು (ಹಿಂದೆ ಮುಂದೆ ಜಾರುವ ಕೊಳವೆ) ಅರ್ಧ ಸೆಂಟಿಮೀಟರ್ ಹೊರಗೆಳೆದು ನೋಡಿ. ಹೊರಗೆಳೆದರೆ ಶ್ರುತಿ ಇಳಿಯುತ್ತದೆ. ವಾದ್ಯವನ್ನು ಐದು ನಿಮಿಷ ಊದಿ ಬೆಚ್ಚಗಾಗಿಸಿದ ಮೇಲೆಯೇ ಶ್ರುತಿ ನೋಡಬೇಕು.

ಪ್ರಶ್ನೆ: ರಾಷ್ಟ್ರಗೀತೆಗೆ ಮೊದಲು ಡ್ರಮ್ ರೋಲ್ ಎಷ್ಟು ಹೊತ್ತು? ಪ್ರತಿ ವರ್ಷ ಒಂದೊಂದು ಥರ ಆಗುತ್ತಿದೆ. (ದೈಹಿಕ ಶಿಕ್ಷಕರು, ಹೊನ್ನಾವರ)

ಇದಕ್ಕೆ ಕೇಂದ್ರ ಗೃಹ ಸಚಿವಾಲಯದ ಆದೇಶವೇ ಇದೆ. ಬ್ಯಾಂಡ್ ರಾಷ್ಟ್ರಗೀತೆ ನುಡಿಸುವಾಗ ಸಭಿಕರಿಗೆ ಸೂಚನೆಯಾಗಲೆಂದು ಮೊದಲು ರೋಲ್. ಅದರ ಅವಧಿ ನಿಧಾನ ನಡಿಗೆಯ 7 ಹೆಜ್ಜೆ. ಮೆಲ್ಲಗೆ ಶುರುವಾಗಿ, ಆದಷ್ಟು ಗಟ್ಟಿಯಾಗಿ ಏರಿ, ಮತ್ತೆ ಮೊದಲಿನ ಮೆಲುದನಿಗೆ ಇಳಿಯಬೇಕು, ಆದರೆ ಏಳನೇ ಪೆಟ್ಟಿನವರೆಗೆ ಕೇಳಿಸುತ್ತಿರಬೇಕು. ಆಮೇಲೆ ಒಂದು ಪೆಟ್ಟಿನಷ್ಟು ಮೌನ. ಅನಂತರ ಗೀತೆ. ನಿಧಾನ ನಡಿಗೆ ನಿಮಿಷಕ್ಕೆ 70 ಹೆಜ್ಜೆ ಎಂದುಕೊಂಡರೆ ರೋಲ್ ಆರು ಸೆಕೆಂಡ್, ಮೌನ ಒಂದು ಸೆಕೆಂಡಿಗೂ ಸ್ವಲ್ಪ ಕಡಿಮೆ. ಮಕ್ಕಳು ತಪ್ಪುವುದು ಇಳಿಸುವಲ್ಲಿ. ಐದನೇ ಹೆಜ್ಜೆಗೇ ಸದ್ದು ಸತ್ತುಹೋಗುತ್ತದೆ, ಟ್ರಂಪೆಟ್‌ನವರು ಅದನ್ನೇ ಮೌನವೆಂದು ತಿಳಿದು ಮುಂಚೆಯೇ ಊದಿಬಿಡುತ್ತಾರೆ. ಒಬ್ಬರನ್ನು ನಿಧಾನ ನಡಿಗೆಯಲ್ಲಿ ನಿಜವಾಗಿಯೂ ನಡೆಸಿ, ಅವರ ಕಾಲು ನೋಡಿಕೊಂಡು ಬಾರಿಸಲು ಕಲಿಸಿ.

ಗೀತೆಯ ಪೂರ್ಣ ಪಾಠಕ್ಕೆ ಸುಮಾರು 52 ಸೆಕೆಂಡ್. ಗಡಿಯಾರ ಹಿಡಿದು ನೋಡಿ. ಶಾಲಾ ಬ್ಯಾಂಡ್‌ಗಳಲ್ಲಿ ಅದು ಒಂದು ನಿಮಿಷ ದಾಟುವುದೇ ಹೆಚ್ಚು, ಎಳೆಯುವವರು ಬಹುತೇಕ ಊದುವವರು, ಉಸಿರು ಸಾಲದೆ. ಸಾಲುಗಳ ಕೊನೆಯಲ್ಲಿ ಎಲ್ಲಿ ಉಸಿರು ಎಳೆದುಕೊಳ್ಳಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಡಿ. ಗೀತೆ ಬರೆದ ಟಾಗೋರರು ಯುವಕರಾಗಿದ್ದಾಗ, ಅವರ ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದ ಕಾರವಾರದಲ್ಲಿ ಬಂದು ಉಳಿದಿದ್ದರು, ಕಡಲತೀರಕ್ಕೆ ಇಂದಿಗೂ ಅವರದೇ ಹೆಸರು. ಕನಿಷ್ಠ ನಮ್ಮ ಜಿಲ್ಲೆಯಲ್ಲಾದರೂ ಇದನ್ನು ಎಳೆಯದೆ ನುಡಿಸೋಣ.

ಪ್ರಶ್ನೆ: ಮಳೆಗಾಲದಲ್ಲಿ ಡ್ರಮ್ ಸಡಿಲ, ತಂತಿ ತುಕ್ಕು, ಪಟ್ಟಿಗೆ ಬೂಸರು. ಏನು ಮಾಡುವುದು? (ಇದೇ ಪ್ರಶ್ನೆ ಸಿದ್ದಾಪುರ, ಭಟ್ಕಳ, ಕಾರವಾರದಿಂದ)

ಮೊದಲು ಹೊದಿಕೆ ಯಾವುದು ನೋಡಿ. ಚರ್ಮದ್ದಾದರೆ ತೇವ ಹೀರಿ ಸಡಿಲವಾಗುತ್ತದೆ, ಪೆಟ್ಟು ‘ಢಂ’ ಅನ್ನುವ ಬದಲು ‘ಡಬ್’ ಅನ್ನುತ್ತದೆ. ಆಗ ಜುಲೈನಲ್ಲಿ ಬಿಗಿದು, ಮಳೆ ಹೋದ ಮೇಲೆ ಸಡಿಲಿಸಲು ಮರೆತರೆ ಡಿಸೆಂಬರ್‌ನ ಒಣ ಹವೆಗೆ ತಾನೇ ಬಿಗಿದು ಹರಿಯುತ್ತದೆ. ಬೇಸಿಗೆ ರಜೆಯ ಮೊದಲಲ್ಲ, ದೀಪಾವಳಿಯ ಹೊತ್ತಿಗೇ ಅರ್ಧ ಸುತ್ತು ಸಡಿಲಿಸಿ. ಈಗಿನ ಹೆಚ್ಚಿನ ಹೊದಿಕೆ ಪ್ಲಾಸ್ಟಿಕ್ ಹಾಳೆಯದು. ಅದಕ್ಕೆ ಮಳೆಯ ಹಂಗಿಲ್ಲ, ಬೆಂಕಿಯ ಭಯವಿದೆ. ಚಂಡೆ ಕಾಯಿಸಿದ ಹಾಗೆ ಬಚ್ಚಲೊಲೆಯ ಮುಂದೆ ಹಿಡಿದರೆ ಸುಕ್ಕುಗಟ್ಟಿ ಹಾಳಾಗುತ್ತದೆ.

ಬಿಗಿಯುವ ಕ್ರಮ: ಒಂದು ಬೋಲ್ಟ್ ತಿರುಗಿಸಿದರೆ ಮುಂದಿನದು ಅದರ ಎದುರಿನದು, ಪಕ್ಕದ್ದಲ್ಲ. ಒಮ್ಮೆಗೆ ಅರ್ಧ ಸುತ್ತು. ಸುತ್ತು ಮುಗಿದ ಮೇಲೆ ಪ್ರತಿ ಬೋಲ್ಟಿನಿಂದ ಒಂದಿಂಚು ಒಳಗೆ ಕೋಲಿನಿಂದ ತಟ್ಟಿ. ಎಲ್ಲ ಕಡೆ ಒಂದೇ ಸ್ವರ ಬರಬೇಕು. ಒಂದೇ ಬದಿ ಬಿಗಿದುಕೊಂಡು ಹೋದರೆ ಬಳೆ ಬಾಗುತ್ತದೆ, ಆಮೇಲೆ ಎಷ್ಟು ಬಿಗಿದರೂ ಸ್ವರ ಕೂಡುವುದಿಲ್ಲ.

ತುಕ್ಕಿಗೆ ಕಾರಣ ಕರಾವಳಿಯಲ್ಲಿ ಉಪ್ಪುಗಾಳಿ, ಘಟ್ಟದ ಮೇಲೆ ಬರೀ ತೇವ. ಬೋಲ್ಟುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ. ಕೊಬ್ಬರಿ ಎಣ್ಣೆ ಬೇಡ, ಅಂಟುಗಟ್ಟಿ ಧೂಳು ಹಿಡಿಯುತ್ತದೆ. ಸೈಡ್ ಡ್ರಮ್ಮಿನ ಅಡಿಯ ಸ್ನೇರ್ ತಂತಿಗೆ ಎಣ್ಣೆ ಹಾಕಬಾರದು, ಒಣಬಟ್ಟೆಯಲ್ಲಿ ಒರೆಸಿ, ಬಾರಿಸದಾಗ ಅದರ ಕೀಲಿ ಸಡಿಲಿಸಿಡಿ. ಒದ್ದೆ ಡ್ರಮ್ಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೇ ಬೂಸರಿನ ಬೀಜ. ನೆರಳಿನಲ್ಲಿ ಒಂದು ದಿನ ಆರಿಸಿ, ಬಟ್ಟೆಯ ಹೊದಿಕೆ ಹಾಕಿ, ಬೆಂಚಿನ ಮೇಲೆ, ಚಿರೆಕಲ್ಲಿನ ಗೋಡೆಯಿಂದ ಒಂದಡಿ ದೂರ ಇಡಿ.

ಟ್ರಂಪೆಟ್‌ಗೆ ದಿನವೂ ನೀರು ಹೊರಬಿಟ್ಟು ಒರೆಸುವುದು, ವಾರಕ್ಕೆರಡು ಸಲ ಪ್ರತಿ ಗುಂಡಿಗೆ ವಾಲ್ವ್ ಎಣ್ಣೆ ಎರಡು ಹನಿ, ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ಸಾಬೂನು ನೀರು. ಕುದಿಯುವ ನೀರು ತಾಗಿದರೆ ಮೇಲಿನ ಹೊಳಪಿನ ಲೇಪ ಏಳುತ್ತದೆ. ಮೌತ್‌ಪೀಸ್ ಸಿಕ್ಕಿಕೊಂಡರೆ ಇಕ್ಕಳ ಹಾಕಬೇಡಿ, ಒಳಗಿನ ತೆಳು ಕೊಳವೆ ತಿರುಚಿಹೋಗುತ್ತದೆ. ಅದನ್ನು ಎಳೆಯುವ ಸಾಧನವೇ ಬೇರೆ ಇದೆ. ಮೌತ್‌ಪೀಸ್ ಮಗುವಿಗೊಂದು ಇರಲಿ, ನೆಗಡಿಯ ಕಾಲದಲ್ಲಿ ಹಂಚಿಕೊಳ್ಳುವುದು ಬೇಡವೇ ಬೇಡ.

ಪ್ರಶ್ನೆ: ಕವಾಯತಿನಲ್ಲಿ ಮುಂದಿನ ತಂಡ ಸರಿ, ಹಿಂದಿನ ತಂಡದ ಹೆಜ್ಜೆ ತಪ್ಪುತ್ತದೆ. ಮಕ್ಕಳು ಡ್ರಮ್ ಕೇಳಿಯೇ ನಡೆಯುತ್ತಿದ್ದಾರೆ. (ಎನ್‌ಸಿಸಿ ಹಿರಿಯ ವಿದ್ಯಾರ್ಥಿ, ಕಾರವಾರ)

ಕೇಳಿ ನಡೆಯುವುದೇ ತೊಂದರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬ್ಯಾಂಡಿನಿಂದ 50 ಮೀಟರ್ ಹಿಂದಿರುವವರಿಗೆ ಪೆಟ್ಟು 0.15 ಸೆಕೆಂಡ್ ತಡವಾಗಿ ತಲುಪುತ್ತದೆ. 120ರ ನಡಿಗೆಯಲ್ಲಿ ಒಂದು ಹೆಜ್ಜೆಗೆ ಅರ್ಧ ಸೆಕೆಂಡ್. ಅಂದರೆ ಹಿಂದಿನವರು ಹೆಜ್ಜೆಯ ಮೂರನೇ ಒಂದು ಭಾಗದಷ್ಟು ಹಿಂದೆ ಬೀಳುತ್ತಾರೆ, ಪಾಪ, ಅವರ ಮಟ್ಟಿಗೆ ಸರಿಯಾಗಿಯೇ ನಡೆಯುತ್ತಿರುತ್ತಾರೆ. ಪ್ರತಿ ತಂಡದ ಮುಂದಾಳು ಮುಂದಿನ ತಂಡದ ಎಡಗಾಲು ನೋಡಿ ನಡೆಯಲಿ, ಉಳಿದವರು ಮುಂದಾಳಿನದು. ದೊಡ್ಡ ಡ್ರಮ್ಮಿನ ಕೋಲಿಗೆ ಬಿಳಿ ಉಣ್ಣೆಯ ತಲೆ ಇದ್ದರೆ ದೂರಕ್ಕೂ ಕಾಣುತ್ತದೆ. ತಂಡಗಳು ಬಹಳ ಇದ್ದರೆ ಬ್ಯಾಂಡನ್ನು ಮುಂದೆ ನಿಲ್ಲಿಸುವ ಬದಲು ನಡುವೆ ನಿಲ್ಲಿಸಿ. ಮೈದಾನದ ಎರಡು ತುದಿಯ ಧ್ವನಿವರ್ಧಕಗಳಿಗೆ ಬ್ಯಾಂಡಿನ ಸದ್ದು ಕೊಡಬೇಡಿ, ಪ್ರತಿ ಪೆಟ್ಟೂ ಎರಡೆರಡು ಸಲ ಕೇಳಿಸುತ್ತದೆ.

ಪ್ರಶ್ನೆ: ಮಗನ ಹಲ್ಲಿಗೆ ಕ್ಲಿಪ್ ಹಾಕಿಸಿದ್ದೇವೆ. ಟ್ರಂಪೆಟ್ ಊದಬಹುದೇ? (ತಂದೆ, ದಾಂಡೇಲಿ)

ಹಲ್ಲಿನ ವೈದ್ಯರನ್ನು ಕೇಳಿಯೇ ತೀರ್ಮಾನಿಸಿ. ಮೌತ್‌ಪೀಸ್ ತುಟಿಯನ್ನು ತಂತಿಗೆ ಒತ್ತುವುದರಿಂದ ಒಳಗೆ ಗಾಯವಾಗುತ್ತದೆ. ಕ್ಲಿಪ್ ತೆಗೆಯುವವರೆಗೆ ಡ್ರಮ್ ಅಥವಾ ಮೆಲೋಡಿಕಾ ಇರಲಿ.

ಪ್ರಶ್ನೆ: ಸಿಂಬಲ್ ಕೆಲವೊಮ್ಮೆ ‘ಝಣ್’ ಅನ್ನದೆ ‘ಪಚ್’ ಅನ್ನುತ್ತದೆ. ಯಾಕೆ? (ವಿದ್ಯಾರ್ಥಿನಿ, ಮುಂಡಗೋಡ)

ಎರಡೂ ತಟ್ಟೆ ಅಂಚಿಗೆ ಅಂಚು ಸರಿಯಾಗಿ ಒಮ್ಮೆಲೇ ಕೂಡಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ತಟ್ಟೆ ಕಂಪಿಸುವುದಿಲ್ಲ. ಒಂದನ್ನು ತುಸು ಓರೆ ಹಿಡಿ. ಕೆಳಗಿನ ಅಂಚು ಕೂದಲೆಳೆ ಮೊದಲು ತಾಗಿ, ಉಳಿದದ್ದು ಜಾರಿಕೊಂಡು ಕೂಡಲಿ, ತಾಗಿದ ಕೂಡಲೇ ಬಿಡಿಸು. ಬಾರಿಸಿದ ಮೇಲೆ ಅಂಚನ್ನು ಎದೆಗೆ ಒತ್ತಿದರೆ ಸದ್ದು ನಿಲ್ಲುತ್ತದೆ. ಚರ್ಮದ ಪಟ್ಟಿಯ ಗಂಟನ್ನು ಪ್ರತಿ ಕವಾಯತಿಗೆ ಮುನ್ನ ಎಳೆದು ನೋಡು. ಮಳೆಗಾಲದಲ್ಲಿ ಆ ಗಂಟು ಒಳಗಿಂದ ಕೊಳೆಯುತ್ತದೆ, ಮೇಲೆ ಗಟ್ಟಿಯಾಗಿಯೇ ಕಾಣುತ್ತದೆ.